ಕಿಟಕಿಯೊಂದನ್ನು ಮರಳಿ ಕೊಡುವ ಕುರಿತು

ಇವರಿಗೆ,
ಶ್ರೀ ಅಮೋಲ ಅವರು,
‘ಉಸಿರುಕಟ್ಟು’ ಚಿತ್ರದ ಕಥೆ, ಚಿತ್ರಕಥೆ, ನಿರ್ದೇಶನದ ಹೊಣೆ ಹೊತ್ತವರು ಹಾಗೂ ನಮ್ಮ ಕಿಟಕಿಯ ಹಾಲಿ ವಾರಸುದಾರರು,
ಮುಕ್ಕಾಂ: ಶೂಟಿಂಗ್ ಎಲ್ಲಿ ನಡೆದಿದೆಯೋ ಅಲ್ಲಿ.

ಮಾನ್ಯರೇ,

ನಿಪ್ಪಾಣಿಯ ಅಣ್ಣಾಸಾಬ ಸಾವಕಾರರ ತಂಬಾಕು ವಖಾರದಲ್ಲಿ, ಅಂದರೆ ತಾವು ಸಿನಿಮಾದಲ್ಲಿ ‘ಪಾತಾಳ’ವೆಂದು ತೋರಿಸಿದ ಅದೇ ಗೋದಾಮಿನಲ್ಲಿ, ದಿನಕ್ಕೆ ಒಂಬತ್ತು ತಾಸು ನೆಲಕ್ಕೆ ಕೂತು ಜರಡಿ ಹಿಡಿಯುವ ನಲವತ್ತಾರು ಹೆಂಗಸರ ಕೆಮ್ಮುಪೂರ್ವಕ ನಮಸ್ಕಾರಗಳನ್ನು ಮೊದಲು ಸ್ವೀಕರಿಸಬೇಕು. ತಾವು ಕ್ಷೇಮವಾಗಿದ್ದೀರೆಂದು ಪೇಪರಿನಿಂದ ತಿಳಿಯಿತು. ಚಿಕ್ಕೋಡಿಯಲ್ಲಿ ತಮಗೆ ಶಾಲು ಹೊದಿಸಿದ ಫೋಟೋ ಬಂದಿತ್ತು. ಅದರಲ್ಲಿ ತಮ್ಮ ಬೆನ್ನ ಹಿಂದೆ ಮೂರು ಕಿಟಕಿಗಳಿದ್ದವು, ಮೂರೂ ತೆರೆದಿದ್ದವು, ಒಂದರಲ್ಲಿ ಪರದೆ ಕೂಡ ಹಾರಾಡುತ್ತಿತ್ತು. ತಮ್ಮಂಥ ಕಲಾವಿದರಿಗೆ ಗಾಳಿಯ ಕೊರತೆ ಆಗಿಲ್ಲವೆಂದು ಕಂಡು ನಮ್ಮೆಲ್ಲರ ಜೀವ ತಣ್ಣಗಾಯಿತು.

ಪತ್ರ ಬರೆಯುತ್ತಿರುವ ನನ್ನ ಹೆಸರು ಅಕ್ಕುತಾಯಿ. ಅದೇ ವಖಾರದಲ್ಲಿ ಹತ್ತೊಂಬತ್ತು ವರ್ಷದಿಂದ ಜರಡಿ ಹಿಡಿದಿದ್ದೇನೆ, ಸಂಘದ ಕಾರ್ಯದರ್ಶಿಯೂ ಆಗಿರುವುದರಿಂದ ಅರ್ಜಿ ಬರೆಯುವ ಕೆಲಸ ನನ್ನ ಕೊರಳಿಗೇ ಬಿದ್ದಿದೆ. ಊರ ಲೆಕ್ಕ ಬರೆಯುವ ತಲಾಠಿಯಿಂದ ಹಿಡಿದು ದಿಲ್ಲಿಯವರೆಗೆ ಎಲ್ಲರಿಗೂ ಬರೆದಿದ್ದೇನೆ. ಸಿನಿಮಾದವರಿಗೆ ಬರೆಯುತ್ತಿರುವುದು ಇದೇ ಮೊದಲು. ಮರ್ಯಾದೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ತಾವು ಎಡಿಟಿಂಗಿನಲ್ಲಿ ಸರಿಮಾಡಿಕೊಳ್ಳಬೇಕು. ವಿಷಯ ಸಣ್ಣದು: ಏಳು ತಿಂಗಳ ಹಿಂದೆ ತಾವು ಹದಿನೈದು ದಿನದ ಮಟ್ಟಿಗೆ ಎಂದು ನಮ್ಮಿಂದ ತೆಗೆದುಕೊಂಡು ಹೋದ ಒಂದು ಕಿಟಕಿ ಇನ್ನೂ ವಾಪಸು ಬಂದಿಲ್ಲ.

ದೂರುವುದಕ್ಕೆ ಮುಂಚೆ ಹೊಗಳುವುದು ನಮ್ಮ ಕಡೆಯ ಪದ್ಧತಿ. ಎತ್ತು ಕೊಳ್ಳುವಾಗ ಮಾತ್ರ ಇದು ಉಲ್ಟಾ ನಡೆಯುತ್ತದೆ. ಆದ್ದರಿಂದ ಮೊದಲು ತಮ್ಮ ಚಿತ್ರದ ಮಾತು. ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಸಂಘದ ಖೋಲಿಯಲ್ಲಿ ಬಿಳಿ ಧೋತರ ಕಟ್ಟಿ, ನಮ್ಮ ಗಂಗೂಬಾಯಿಯ ಮಗಳು ಕೋಮಲ ಕಾಲೇಜಿನಿಂದ ತಂದ ಪ್ರೊಜೆಕ್ಟರಿನಲ್ಲಿ, ನಲವತ್ತಾರೂ ಜನ ಕೂತು ‘ಉಸಿರುಕಟ್ಟು’ ನೋಡಿದೆವು. ಒಬ್ಬ ದೊಡ್ಡ ಸಾಹೇಬ ತಪಾಸಣೆಗೆಂದು ತಂಬಾಕಿನ ಗೋದಾಮಿಗೆ ಬರುತ್ತಾನೆ, ಕಾವಲುಗಾರ ನೋಡದೆ ಹೊರಗಿನಿಂದ ಬೀಗ ಜಡಿದು ಹೋಗುತ್ತಾನೆ, ಅಲ್ಲಿಂದ ನೂರಾ ಏಳು ನಿಮಿಷ ಸಾಹೇಬ ಒಬ್ಬನೇ ಒಳಗೆ. ಗಾಳಿ ಇಲ್ಲ, ಬೆಳಕಿಲ್ಲ, ಮೊಬೈಲಿಗೆ ರೇಂಜಿಲ್ಲ. ಅವನು ಅತ್ತ, ಹೆಂಡತಿಯನ್ನು ನೆನೆದ, ಮಾಡಿದ ಪಾಪಗಳನ್ನೆಲ್ಲ ಒಂದೊಂದಾಗಿ ಒಪ್ಪಿಕೊಂಡ. ಎಂಥಾ ಕಥೆ, ಎಂಥಾ ಕಲ್ಪನೆ! ಮನುಷ್ಯನೊಬ್ಬ ತಂಬಾಕಿನ ವಖಾರದಲ್ಲಿ ಉಸಿರಾಡಲು ಕಷ್ಟಪಡಬಹುದೆಂಬ ಸಂಗತಿ ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದ ನಮಗೂ ಹೊಳೆದಿರಲಿಲ್ಲ.

ನಮ್ಮವರು ಶಿಸ್ತಿನ ಪ್ರೇಕ್ಷಕರಲ್ಲ, ಅದಕ್ಕೆ ಕ್ಷಮೆ ಇರಲಿ. ಸಾಹೇಬ ಇಪ್ಪತ್ತನೇ ನಿಮಿಷಕ್ಕೇ ಕೊರಳ ಗುಂಡಿ ಬಿಚ್ಚಿ ಏದುಸಿರು ಬಿಡತೊಡಗಿದಾಗ ಗಂಗೂಬಾಯಿ, “ಇಷ್ಟಕ್ಕ ಹಿಂಗ ಬಾಯಿ ಬಿಡಾಕತ್ತಾನಲ್ಲ ಬೇ, ಇಂವಾ ನಮ್ಮ ಜತಿ ಸಂಜಿತನಕ ತಡೀತಾನೇನ?” ಎಂದಳು. ಅವನು ಬಾಗಿಲು ಬಡಿದು ಕೂಗಿದಾಗ ಕಸ್ತೂರೆವ್ವ ಎದ್ದು ನಿಂತು, “ಬಡೀಬ್ಯಾಡೋ ಸಾಹೇಬಾ, ದಿವಾಣಜಿ ಊಟಕ್ಕ ಹೋಗ್ಯಾನ, ಮೂರರ ತನಕಾ ಬರೂದಿಲ್ಲ!” ಎಂದು, ನಮ್ಮ ಮೇಲೆ ಕಣ್ಣಿಡುವ ವಖಾರದ ಗುಮಾಸ್ತನ ಊಟದ ಹೊತ್ತನ್ನು ಪರದೆಗೇ ತಿಳಿಹೇಳಿದಳು. ನಮ್ಮೆಲ್ಲರಿಗಿಂತ ಹಿರಿಯಳಾದ ಪದ್ಮವ್ವ ಮಾತ್ರ ಕಡೆಯತನಕ ಸುಮ್ಮನೆ ಕೂತು ನೋಡಿ, ಸಿನಿಮಾ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು: “ಅಲ್ಲಬೇ, ಇಷ್ಟೊತ್ತಾದ್ರೂ ಅಂವಗ ಉಚ್ಚಿ ಬರ್ಲಿಲ್ಲೇನ?” ಈ ಪ್ರಶ್ನೆಯನ್ನು ಯಾವ ವಿಮರ್ಶಕರೂ ಕೇಳಿರಲಾರರು. ನಮ್ಮ ವಖಾರದಲ್ಲಿ ಆ ಸೀನಿಗೆ ಬೇಕಾದ ಸೆಟ್ಟನ್ನು ಸಾವಕಾರರು ಇನ್ನೂ ಹಾಕಿಸಿಲ್ಲವಾದ್ದರಿಂದ, ತಾವು ವಾಸ್ತವಕ್ಕೆ ನಿಷ್ಠರಾಗಿದ್ದೀರೆಂದು ನಾನೇ ತಮ್ಮ ಪರವಾಗಿ ಸಮಾಧಾನ ಹೇಳಿದೆ.

ಒಂದು ಜಾಗದಲ್ಲಿ ಮಾತ್ರ ಎಲ್ಲರೂ ನಕ್ಕರು. ಕಡೆಯ ಭಾಗದಲ್ಲಿ ಸಾಹೇಬ ಹತಾಶನಾಗಿ, ಕಿಟಕಿ ಮುಚ್ಚಿದ ಆ ಗೋಡೆಯ ಮುಂದೆ ನಿಂತು ಗುದ್ದುತ್ತಾನಲ್ಲ, ಆ ದೃಶ್ಯ. ಹಿಂದೆ ನಗಾರಿ, ತುತ್ತೂರಿ, ಅವನ ಕಣ್ಣಲ್ಲಿ ನೀರು, ಕೈ ಮಾತ್ರ ಮೆಲ್ಲಮೆಲ್ಲಗೆ. “ಇವನ ಗುದ್ದ ನೋಡ್ರೆ, ರೊಟ್ಟಿ ತಟ್ಟಿದಂಗ ಐತಿ!” ಎಂದು ಗಂಗೂಬಾಯಿ ಕೂಗಿದಳು. ದೊಡ್ಡ ನಟರ ಕೈ ಮೃದು ಇರುತ್ತದೆ, ನೋವಾಗಬಾರದು ಎಂದು ನಾನು ಆಗಲೂ ತಮ್ಮ ಪರವಾಗಿಯೇ ಮಾತಾಡಿದೆ.

ಮಾನ್ಯರೇ, ಈಗ ಕಿಟಕಿಯ ಪೂರ್ವಚರಿತ್ರೆ ಹೇಳುವುದು ಅನಿವಾರ್ಯ. ಅದು ತಮ್ಮ ಚಿತ್ರಕಥೆಯಲ್ಲಿ ಬಂದಿಲ್ಲ. ಆ ವಖಾರ ಕಟ್ಟಿದಾಗ ಅದಕ್ಕೆ ನಾಲ್ಕು ಕಿಟಕಿಗಳಿದ್ದವು. ಗಾಳಿ ಬಂದರೆ ತಂಬಾಕಿನ ಸಣ್ಣ ಪುಡಿ ಹಾರಿಹೋಗುತ್ತದೆಂದು ಈಗಿನ ಸಾವಕಾರರ ತಂದೆ ನಾಲ್ಕಕ್ಕೂ ಹಲಗೆ ಬಡಿಸಿ ಮೊಳೆ ಜಡಿಸಿದರು. ಪುಡಿ ಹಾರಬಾರದು, ಹಾರಲೇಬೇಕಾದರೆ ಕೂಲಿಯವರ ಮೂಗಿನೊಳಗೇ ಹಾರಬೇಕು ಎಂಬುದು ವ್ಯಾಪಾರದ ಧರ್ಮ. ಪದ್ಮವ್ವ ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಹೆಂಗಸರೆಲ್ಲ ಜರಡಿ ಕೆಳಗಿಟ್ಟು ಹದಿನೇಳು ದಿನ ವಖಾರದ ಮುಂದಿನ ರಸ್ತೆಯಲ್ಲಿ ಕೂತರು. ಹದಿನೆಂಟನೇ ದಿನ ಆ ಹಳೇ ಸಾವಕಾರರು ಒಂದೇ ಒಂದು ಕಿಟಕಿ ತೆರೆಯುತ್ತೇನೆ ಎಂದರು. ಹೆಂಗಸರು ಒಂದನ್ನು ತೆಗೆದುಕೊಂಡರು, ಉಳಿದ ಮೂರನ್ನು ನೆನಪಿನಲ್ಲಿ ಇಟ್ಟುಕೊಂಡರು. ಮೊಳೆ ಕೀಳುವಾಗ ಹಿಡಿದ ಚಿಮ್ಮಟವನ್ನು ಪದ್ಮವ್ವ ಈಗಲೂ ಮನೆಯಲ್ಲಿ ದೇವರ ಜಗುಲಿಯ ಮೇಲೆ ಇಟ್ಟಿದ್ದಾಳೆ.

ಒಂದು ಕಿಟಕಿ, ನಲವತ್ತಾರು ಮೂಗು. ಅದರ ಕೆಳಗೆ ಜರಡಿ ಇಟ್ಟುಕೊಂಡು ಕೂರುವಷ್ಟು ಜಾಗ ಇಬ್ಬರಿಗೆ ಮಾತ್ರ. ಹಾಗಾಗಿ ಅಂದಿನಿಂದ ಪಾಳಿ ನಡೆದು ಬಂದಿದೆ: ದಿನಕ್ಕೆ ಇಬ್ಬರು, ಇಪ್ಪತ್ಮೂರು ದಿನಕ್ಕೊಮ್ಮೆ ಪ್ರತಿಯೊಬ್ಬಳಿಗೂ ಒಂದು ದಿನದ ಗಾಳಿ. ಈ ಪಾಳಿಯಲ್ಲಿ ಜಾತಿ ನೋಡಿದವರಿಲ್ಲ, ವಯಸ್ಸು ನೋಡಿದವರಿಲ್ಲ. ಗೆಳತಿಯ ಮಗಳ ಮದುವೆಗೆ ಸೀರೆ ತರಲಾಗದವಳು ತನ್ನ ಪಾಳಿಯನ್ನೇ ಆಹೇರಿ ಕೊಟ್ಟಿದ್ದಾಳೆ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಇಬ್ಬರು ನೆಗೆಣ್ಣಿಯರ ಪಾಳಿ ಒಂದೇ ದಿನ ಬಂದು, ಸಂಜೆಯ ಹೊತ್ತಿಗೆ ಅವರು ಒಂದೇ ಬುತ್ತಿಯಲ್ಲಿ ಉಂಡದ್ದೂ ಇದೆ. ಬಸುರಿಗೆ ಮಾತ್ರ ಪಾಳಿ ಇಲ್ಲ. ಹೊಟ್ಟೆ ಕಂಡ ದಿನದಿಂದ ಹೆರಿಗೆಗೆ ಹೋಗುವ ದಿನದವರೆಗೆ ಎರಡರಲ್ಲಿ ಒಂದು ಜಾಗ ಅವಳದೇ, ಯಾರೂ ಕೇಳುವ ಹಾಗಿಲ್ಲ. ಕೂತರೆ ಬೇವಿನ ಮರದ ತುದಿ ಕಾಣುತ್ತಿತ್ತು, ಅದರ ಮೇಲೆ ಒಂದಿಷ್ಟು ಆಕಾಶ. ಬಿಸಿಲು ಕಿಟಕಿಯಿಂದ ಇಳಿದು ಮೂರನೇ ಸಾಲಿಗೆ ಮುಟ್ಟಿತೆಂದರೆ ಬುತ್ತಿ ಬಿಚ್ಚುವ ಹೊತ್ತು. ನಮಗೆ ಗಡಿಯಾರವೂ ಅದೇ ಆಗಿತ್ತು.

ದೀಪಾವಳಿ ಮುಗಿದ ವಾರ ತಾವು ಬಂದಿರಿ. ತಾವು ರಾಯಬಾಗದ ಮಣ್ಣಿನವರು, ಮಾತು ನಮ್ಮದೇ, ಹಾಗಾಗಿ ನಂಬಿಕೆ ಹುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಾಯಕನಿಗೆ ಹೊರಗಿನ ಬೆಳಕು ಒಂದೆಳೆಯೂ ಕಾಣಬಾರದು, ಇಲ್ಲದಿದ್ದರೆ ಪ್ರೇಕ್ಷಕನ ಎದೆ ಬಿಗಿಯುವುದಿಲ್ಲ ಎಂದು ನಮಗೆ ಕಲೆಯ ಪಾಠ ಮಾಡಿದಿರಿ. “ಅಕ್ಕಾರ, ಹದಿನೈದ ದಿನ ಅಷ್ಟ. ಶೂಟಿಂಗ್ ಮುಗದ ಕೂಡ್ಲೇ ನಿಮ್ಮ ಖಿಡಕಿ ನಿಮ್ಮ ಕೈಯಾಗ ಕೊಡ್ತೇನ್ರಿ. ನಿಮ್ಮ ಬದುಕ ದೊಡ್ಡ ಪರದೆ ಮ್ಯಾಲೆ ಬರತೈತ್ರಿ” ಎಂದಿರಿ. ಸಂಘದ ಸಭೆ ಸೇರಿತು. ಪದ್ಮವ್ವ ಒಬ್ಬಳೇ, “ಕೊಟ್ಟ ಖಿಡಕಿ ತಿರುಗಿ ಬಂದದ್ದ ನಾ ಕಂಡಿಲ್ಲ” ಎಂದಳು. ನಾವು ಉಳಿದವರು ಅವಳನ್ನು ಹಳೇ ಕಾಲದವಳೆಂದು ನಕ್ಕು, ಕೈ ಎತ್ತಿ ಒಪ್ಪಿಗೆ ಕೊಟ್ಟೆವು. ಆ ಎತ್ತಿದ ಕೈಗಳಲ್ಲಿ ಮೊದಲನೆಯದು ನನ್ನದು, ಅದನ್ನು ಮುಚ್ಚಿಡುವುದಿಲ್ಲ.

ನಮ್ಮನ್ನು ನಾಲ್ಕು ದಿನ ಹೊರಗಿಟ್ಟು, ಕೊಲ್ಲಾಪುರದಿಂದ ಬಂದ ತಮ್ಮ ಕಲಾವಿಭಾಗದವರು ಒಳಗೆ ಏನೇನೋ ಮಾಡಿದರು. ಐದನೇ ದಿನ ಒಳಗೆ ಹೋದರೆ ನಮ್ಮ ವಖಾರ ನಮಗೇ ಗುರುತು ಸಿಗದಷ್ಟು ವಖಾರದಂತಾಗಿತ್ತು. ಮೂಲೆಯಲ್ಲಿ ಅಂಟಿನಿಂದ ಮಾಡಿದ ಜೇಡರ ಬಲೆ. ಚೀಲದ ಮೇಲೆ ಮಣ್ಣಿನಿಂದ ಮಾಡಿದ ಹೆಗ್ಗಣ, ಅದಕ್ಕೆ ಗಂಗೂಬಾಯಿ ಚಪ್ಪಲಿ ಎಸೆದು ಬಾಲ ಮುರಿದದ್ದು ತಮಗೆ ನೆನಪಿರಬಹುದು. ಕಿಟಕಿ ಇದ್ದಲ್ಲಿ ಗೋಡೆ. ಅಕ್ಕಪಕ್ಕದ ಗೋಡೆಗಿಂತ ಹಳೆಯದಾಗಿ, ಅದಕ್ಕಿಂತ ಮಸಿಯಾಗಿ, ಇಟ್ಟಿಗೆಯ ಸಂದಿಯಲ್ಲಿ ಹಸಿರು ಪಾಚಿ ಸಮೇತ ಎದ್ದು ನಿಂತಿತ್ತು. “ಎಲ್ಲಾ ಸುಳ್ಳಂದ್ರೂ ಗೋಡಿ ಮಾತ್ರ ಖರೇ ಐತಿ ನೋಡ” ಎಂದು ಕಸ್ತೂರೆವ್ವ ಸರ್ಟಿಫಿಕೇಟು ಕೊಟ್ಟಳು. ಅದರ ಮೇಲೆ ತಮ್ಮವರು ಒಂದು ರಟ್ಟಿನ ಬೋರ್ಡು ತೂಗುಹಾಕಿದ್ದರು. ಕನ್ನಡದಲ್ಲಿ ‘ಮುಟ್ಟಬೇಡಿ’, ಮರಾಠಿಯಲ್ಲಿ ‘ಹಾತ ಲಾವೂ ನಯೇ’. ಎರಡೂ ಭಾಷೆಯಲ್ಲಿ ಈ ವಾಕ್ಯವನ್ನು ನಮ್ಮ ಅಜ್ಜಿಯರು ಚೆನ್ನಾಗಿ ಬಲ್ಲರು, ಬಾವಿಯ ಕಟ್ಟೆಯ ಮೇಲೆ ಬೋರ್ಡಿಲ್ಲದೆಯೂ ಅದನ್ನು ಓದುತ್ತಿದ್ದರು.

ಶೂಟಿಂಗಿನ ದಿನಗಳು ಚೆನ್ನಾಗಿದ್ದವು ಎಂದೇ ಹೇಳಬೇಕು. ಚಿತ್ರ ಎರಡು ಭಾಷೆಯಲ್ಲಿ ತಯಾರಾಗುತ್ತಿತ್ತು, ಆದ್ದರಿಂದ ಸಾಹೇಬ ಬೆಳಿಗ್ಗೆ ಕನ್ನಡದಲ್ಲಿ ‘ಕಾಪಾಡಿ’ ಎಂದು ಕೂಗುತ್ತಿದ್ದ, ಮಧ್ಯಾಹ್ನ ಮರಾಠಿಯಲ್ಲಿ ‘ವಾಚವಾ’ ಎಂದು ಕೂಗುತ್ತಿದ್ದ. ಎರಡೂ ಭಾಷೆಯಲ್ಲಿ ಯಾರೂ ಬರಲಿಲ್ಲ. ಗಡಿಯ ಬಗ್ಗೆ ಇಷ್ಟು ವರ್ಷ ನಡೆದ ಭಾಷಣಗಳಲ್ಲಿ ಇಷ್ಟು ನಿಜವಾದ ಮಾತನ್ನು ನಾನು ಕೇಳಿಲ್ಲ. ನಮಗೂ ಪಾತ್ರ ಸಿಕ್ಕಿತು. ಮುಖ ಕಾಣಬೇಕೆಂದು ಮೂಗಿಗೆ ಕಟ್ಟಿದ ಬಟ್ಟೆ ಬಿಚ್ಚಿಸಿದಿರಿ. ಬಿಚ್ಚಿದ ಕೂಡಲೇ ಎಲ್ಲರೂ ಕೆಮ್ಮಿದೆವು, ತಾವು ಕುರ್ಚಿಯಿಂದ ಎದ್ದು, “ಎಷ್ಟ ಸಹಜ ಅಭಿನಯರಿ!” ಎಂದು ಚಪ್ಪಾಳೆ ತಟ್ಟಿದಿರಿ. ಮುಗಿದ ಚಿತ್ರದಲ್ಲಿ ನಲವತ್ತಾರು ಹೆಂಗಸರ ಬದುಕು ಹನ್ನೊಂದು ಸೆಕೆಂಡು ಬಂದಿದೆ, ಕೋಮಲ ಮೊಬೈಲಿನಲ್ಲಿ ಎಣಿಸಿದಳು. ಪದ್ಮವ್ವನ ಕೆಮ್ಮು ಮಾತ್ರ ಮೂರು ಕಡೆ ಬಂದಿದೆ. ಅದೂ ಸಾಹೇಬನ ಕೆಮ್ಮಾಗಿ.

ಆದರೆ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ತಾವು ‘ಕಟ್’ ಎನ್ನುವ ರೀತಿ. ತಾವು ಆ ಒಂದು ಶಬ್ದ ಹೇಳಿದ ಕೂಡಲೇ ತಾವೂ, ಸಾಹೇಬನೂ, ಕ್ಯಾಮೆರಾದವರೂ, ಕನ್ನಡಿ ಹಿಡಿದವರೂ ಬಾಗಿಲತ್ತ ಓಡಿ, ಹೊರಗೆ ಬೇವಿನ ಕೆಳಗೆ ನಿಂತು ಎದೆ ತುಂಬ ಉಸಿರೆಳೆದು ಎಳನೀರು ಕುಡಿಯುತ್ತಿದ್ದಿರಿ. ಹತ್ತು ನಿಮಿಷಕ್ಕೊಂದು ಕಟ್. ಒಂದೇ ಜಾಗದಲ್ಲಿ ನಡೆಯುವ ಸಿನಿಮಾದ ಮುಖ್ಯ ಗುಣ ಅದನ್ನು ತೆಗೆಯುವವರು ಒಂದೇ ಜಾಗದಲ್ಲಿ ಇರದಿರುವುದು ಎಂದು ಆಗ ನಮಗೆ ಅರ್ಥವಾಯಿತು.

ಪತ್ರಿಕೆಯೊಂದರಲ್ಲಿ ತಾವು ಹೇಳಿದ್ದೀರಿ: ಕಥೆಯನ್ನು ಒಂದು ಕೋಣೆಯಲ್ಲಿ ಕೂಡಿಹಾಕಿದಾಗ ಮಾತ್ರ ಮನುಷ್ಯನ ಒಳಗು ಬೆತ್ತಲಾಗುತ್ತದೆ, ಅದಕ್ಕೇ ಜಗತ್ತಿಗೆಲ್ಲ ಇಂಥ ಚಿತ್ರಗಳ ಹುಚ್ಚು ಎಂದು. ಈ ಮಾತನ್ನು ಪರೀಕ್ಷಿಸಲು ಕೋಮಲ ನಮಗೆ ಇನ್ನೂ ನಾಲ್ಕಾರು ಅಂಥ ಸಿನಿಮಾ ತೋರಿಸಿದಳು. ಒಂದರಲ್ಲಿ ಲಿಫ್ಟಿನೊಳಗೆ ಸಿಕ್ಕಿದವರು, ಒಂದರಲ್ಲಿ ಐಸಿನ ಗೋದಾಮಿನೊಳಗೆ ಸಿಕ್ಕಿದವಳು. ಖರೇ ಹೇಳುತ್ತೇನೆ, ನಮಗೂ ಹುಚ್ಚು ಹಿಡಿಯಿತು. ದೊಡ್ಡ ಸಿನಿಮಾದಲ್ಲಿ ನಾಯಕ ಮೂರು ದೇಶ ಸುತ್ತಿದರೂ ನೆನಪಿನಲ್ಲಿ ಉಳಿಯುವುದಿಲ್ಲ, ಇಲ್ಲಿ ಮೂಲೆಯ ಒಂದು ಮೊಳೆಯೂ ಎದೆಯಲ್ಲಿ ಕೂರುತ್ತದೆ. ಎಲ್ಲಿಗೂ ಹೋಗಲಾಗದವನಿಗೆ ಇದ್ದ ಜಾಗವೇ ದೊಡ್ಡದಾಗುತ್ತ ಹೋಗುತ್ತದೆ. ನಮಗಿದು ಗೊತ್ತಿರುವ ವಿದ್ಯೆ: ವಖಾರದ ತಗಡಿನಲ್ಲಿ ಎಷ್ಟು ತೂತು, ಯಾವ ತೊಲೆಯಲ್ಲಿ ಯಾವ ಗಂಟು, ಯಾರ ಕೆಮ್ಮಿನ ದನಿ ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತೇವೆ. ಹಾಗಿದ್ದೂ ಸಿನಿಮಾದಲ್ಲಿ ಬರುವ ಆ ಆನಂದ ನಮಗೆ ವಖಾರದಲ್ಲಿ ಯಾಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಸಪನಾ ಉತ್ತರ ಕೊಟ್ಟಳು. ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನವಳು ಅವಳು. “ಹೊರಗ ಹೋಗೂ ಬಾಗ್ಲಾ ಗೊತ್ತಿದ್ದಾವ್ರಿಗೆ ಒಳಗ ಕುಂದ್ರೂದು ಮಜಾ ಇರತೈತ್ರಿ ಅಕ್ಕಾ” ಎಂದಳು. ಟಾಕೀಜಿನಲ್ಲಿ ಎಷ್ಟು ಕತ್ತಲಿದ್ದರೂ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿರುತ್ತದಲ್ಲ ಮಾನ್ಯರೇ, ಆ ದೀಪ ಕಾಣುತ್ತದೆಂದೇ ಪ್ರೇಕ್ಷಕ ಧೈರ್ಯವಾಗಿ ಉಸಿರು ಬಿಗಿಹಿಡಿಯುತ್ತಾನೆ.

ಹದಿನೈದು ದಿನ ಮುಗಿದವು. ತಾವು ಕ್ಯಾಮೆರಾ ಒಯ್ದಿರಿ, ದೀಪ ಒಯ್ದಿರಿ, ಬಾಲ ಮುರಿದ ಹೆಗ್ಗಣವನ್ನೂ ಮರೆಯದೆ ಒಯ್ದಿರಿ. ಗೋಡೆ ಮರೆತಿರಿ. ತಮಗೆ ಫೋನು ಮಾಡಿದಾಗ, “ಮ್ಯಾನೇಜರ್ ನೋಡ್ಕೋತಾನ್ರಿ ಅಕ್ಕಾರ” ಎಂದಿರಿ. ಆಮೇಲೆ ತಮ್ಮ ಫೋನು ‘ಶೂಟಿಂಗಿನಲ್ಲಿದ್ದೇನೆ’ ಎಂದು ತಾನೇ ಉತ್ತರ ಬರೆಯತೊಡಗಿತು. ಅಷ್ಟರಲ್ಲಿ ಚಿತ್ರಕ್ಕೆ ಪ್ರಶಸ್ತಿ ಬಂತು. ‘ಈ ಚಿತ್ರದ ನಿಜವಾದ ಖಳನಾಯಕ ಆ ಮುಚ್ಚಿದ ಗೋಡೆ’ ಎಂದು ಯಾರೋ ಬರೆದರು. ಅದನ್ನು ಓದಿದ ಸಾವಕಾರರಿಗೆ ಕಲಾಭಿಮಾನ ಉಕ್ಕಿತು. ಬೋರ್ಡಿನ ಪಕ್ಕ ತಮ್ಮ ಚಿತ್ರದ ಪೋಸ್ಟರು ಅಂಟಿಸಿ ಚೆಂಡು ಹೂವಿನ ಹಾರ ಹಾಕಿದರು. ಅಥಣಿಯಿಂದ, ಕೊಲ್ಲಾಪುರದಿಂದ ಜನ ಬಂದು ಆ ಗೋಡೆಯ ಮುಂದೆ ಉಸಿರು ಕಟ್ಟಿದಂತೆ ಮುಖ ಮಾಡಿ ಸೆಲ್ಫಿ ತೆಗೆದುಕೊಂಡು, ನಿಜವಾಗಿ ಉಸಿರು ಕಟ್ಟುವುದರೊಳಗೆ ಹೊರಗೆ ಹೋಗುತ್ತಾರೆ. ಕಿಟಕಿ ಕೇಳಿದರೆ ಸಾವಕಾರರು, “ಅದನ್ನ ಒಡದ್ರ ಮ್ಯಾಲಿನ ತೊಲಿ ಕುಸೀತೈತಿ, ನಿಮ್ಮ ಜೀಂವಕ್ಕ ಅಂತನ ಹೇಳಾಕತ್ತೇನಿ” ಎನ್ನುತ್ತಾರೆ. ನಮ್ಮ ಜೀವದ ಬಗ್ಗೆ ಅವರು ಕಾಳಜಿ ತೋರಿಸಿದ್ದು ಇತಿಹಾಸದಲ್ಲಿ ಇದೇ ಮೊದಲಾದ್ದರಿಂದ ದಿನಾಂಕ ಬರೆದಿಟ್ಟುಕೊಂಡಿದ್ದೇವೆ.

ನಾನು ಒಂಬತ್ತು ಅರ್ಜಿ ಬರೆದೆ. ಒಂಬತ್ತನೆಯದಕ್ಕೆ ಉತ್ತರವಾಗಿ ಒಬ್ಬ ಅಧಿಕಾರಿ ಸ್ವತಃ ಬಂದರು. ಬಾಗಿಲಲ್ಲಿ ನಿಂತರು, ಮೂಗಿಗೆ ಕರವಸ್ತ್ರ ಹಿಡಿದರು, ದೂರದಿಂದಲೇ ಗೋಡೆಯನ್ನು ಕಣ್ಣು ಕಿರಿದು ಮಾಡಿ ನೋಡಿದರು, ‘ಸದರಿ ಗೋಡೆಯು ಪುರಾತನವೂ ಭದ್ರವೂ ಆಗಿದ್ದು ಕಟ್ಟಡದ ಭಾರವನ್ನು ಹೊತ್ತಿರುತ್ತದೆ’ ಎಂದು ವರದಿ ಬರೆದರು.

ಈ ನಡುವೆ ನಮ್ಮ ನೀಲಮ ಬಸುರಿಯಾದಳು. ಈಗ ಆರನೇ ತಿಂಗಳು. ಕಿಟಕಿ ಹೋಗಿದ್ದರೂ ನಾವು ಪಾಳಿ ಬಿಟ್ಟಿಲ್ಲ, ಮಾನ್ಯರೇ. ಪಾಳಿ ಬಿಟ್ಟರೆ ಹಕ್ಕು ಬಿಟ್ಟಂತೆ ಎಂದು ಪದ್ಮವ್ವನ ಆಜ್ಞೆ. ಹಾಗಾಗಿ ದಿನವೂ ಪಾಳಿಯವಳು ಆ ಗೋಡೆಯ ಕೆಳಗೇ ಹೋಗಿ, ಬೋರ್ಡಿಗೆ ಮರ್ಯಾದೆ ಕೊಟ್ಟು ಒಂದು ಗೇಣು ಬಿಟ್ಟು ಕೂರುತ್ತಾಳೆ, ಪಕ್ಕದಲ್ಲಿ ನೀಲಮ ಇರುತ್ತಾಳೆ. ಮೇ ತಿಂಗಳ ತಗಡಿನ ಕೆಳಗೆ, ಮೂಗಿಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಂಡು, ಜರಡಿ ಅಲ್ಲಾಡಿಸುತ್ತ, ನಡುನಡುವೆ ಅವಳು ತಲೆಯೆತ್ತಿ ಆ ಗೋಡೆಯನ್ನು ನೋಡುತ್ತಾಳೆ. ಹೋದ ವಾರ ಎರಡು ಸಲ ಜರಡಿಯ ಮೇಲೆಯೇ ಬಿದ್ದಳು. ಡಾಕ್ಟರಮ್ಮ, “ಗಾಳಿ ಇರೂ ಕಡೆ ಕುಂದ್ರವಾ” ಎಂದರು. ಅದು ಸಿಗುವುದು ಎಲ್ಲಿ ಎಂದು ಅವರು ಚೀಟಿಯಲ್ಲಿ ಬರೆಯಲಿಲ್ಲ. ತಮ್ಮ ಸಾಹೇಬನ ನೂರಾ ಏಳು ನಿಮಿಷಕ್ಕೆ ಪ್ರಶಸ್ತಿ ಕೊಟ್ಟ ಜಗತ್ತು, ಹುಟ್ಟುವ ಮುಂಚೆಯೇ ಒಂದು ಕೋಣೆಯೊಳಗಿನ ಇನ್ನೊಂದು ಕೋಣೆಯಲ್ಲಿ ಸಿಕ್ಕಿಕೊಂಡಿರುವ ಆ ಕೂಸಿಗೆ ಏನು ಕೊಡುತ್ತದೋ ತಿಳಿಯದು. ಇಲ್ಲಿಯತನಕ ನಕ್ಕು ಬರೆದೆ, ಈ ಒಂದು ಸಾಲು ನಕ್ಕು ಬರೆದದ್ದಲ್ಲ.

ಇರಲಿ. ತಾವು ಕಾರ್ಯಭಾರದಲ್ಲಿದ್ದೀರಿ, ಕಾಗವಾಡದ ಕಡೆ ಕಬ್ಬಿನ ಲಾರಿಯ ಕ್ಯಾಬಿನ್ನಿನೊಳಗೇ ನಡೆಯುವ ಹೊಸ ಚಿತ್ರಕ್ಕೆ ಜಾಗ ನೋಡುತ್ತಿದ್ದೀರೆಂದು ಕೇಳಿದೆವು. ಅಲ್ಲಿಯ ಡ್ರೈವರನಿಗೆ ಸ್ಟೇರಿಂಗು ವಾಪಸು ಕೊಡುವ ತಾರೀಕನ್ನು ಮುಂಚಿತವಾಗಿ ಬರೆದು ಕೊಡಬೇಕಾಗಿ ವಿನಂತಿ. ನಮ್ಮ ಮಟ್ಟಿಗೆ ಹೇಳುವುದಾದರೆ, ತಾವು ದಯಮಾಡಿ ‘ಉಸಿರುಕಟ್ಟು’ ಎರಡನೇ ಭಾಗವನ್ನು ಕೂಡಲೇ ಕೈಗೆತ್ತಿಕೊಳ್ಳಬೇಕು. ಅದರಲ್ಲಿ ಕಥೆ ಬೇಡ, ನಾಯಕ ಬೇಡ, ಹಾಡು ಬೇಡ. ಒಂದು ಕಿಟಕಿ ತೆರೆಯುವ ಒಂದೇ ಶಾಟ್ ಸಾಕು, ಅದನ್ನು ನೂರಾ ಏಳು ನಿಮಿಷ ತೋರಿಸಿದರೂ ನಾವು ಎದ್ದು ಹೋಗುವುದಿಲ್ಲ. ತಮಗೆ ಪ್ರಶಸ್ತಿ ಕೊಟ್ಟ ತೀರ್ಪುಗಾರರನ್ನು ಒಂದು ದಿನದ ಮಟ್ಟಿಗೆ ನಮ್ಮಲ್ಲಿಗೆ ಕಳಿಸಿಕೊಟ್ಟರೆ, ಪಕ್ಕದಲ್ಲಿ ಜರಡಿ ಕೊಟ್ಟು ಕೂರಿಸಿ, ಇಂಟರ್ವಲ್ ಇಲ್ಲದೆ ಪೂರ್ತಿ ಆವೃತ್ತಿ ತೋರಿಸುತ್ತೇವೆ. ಪದ್ಮವ್ವನ ಕೆಮ್ಮಿಗೆ ಟೈಟಲ್ ಕಾರ್ಡಿನಲ್ಲಿ ಪ್ರತ್ಯೇಕ ಹೆಸರು ಕೊಡಬೇಕು, ಅದು ನಲವತ್ತು ವರ್ಷ ರಿಯಾಜು ಮಾಡಿದ ಕೆಮ್ಮು. ಇದ್ಯಾವುದೂ ಆಗದಿದ್ದರೆ, ಕನಿಷ್ಠಪಕ್ಷ ನಮ್ಮ ದಿವಾಣಜಿಗೆ ‘ಕಟ್’ ಎನ್ನುವುದನ್ನು ಕಲಿಸಿ ಹೋಗಬೇಕು. ಹತ್ತು ನಿಮಿಷಕ್ಕೊಮ್ಮೆ ಬೇಡ, ಅಷ್ಟು ಆಸೆ ನಮಗಿಲ್ಲ. ದಿನಕ್ಕೆ ಎರಡು ಸಲ ಅವನು ಬಾಗಿಲಲ್ಲಿ ನಿಂತು ಆ ಶಬ್ದ ಹೇಳಿದರೆ ಸಾಕು, ಬೇವಿನ ಕೆಳಗೆ ಹೋಗಿ ಉಸಿರೆಳೆದು ಬರುತ್ತೇವೆ. ಎಳನೀರು ನಾವು ಕೇಳುವುದಿಲ್ಲ.

ತಾವು ಕೂಡಿಹಾಕಿದ ಕಥೆಯಿಂದ ಇನ್ನೂ ಹೊರಬರಲಾಗದೆ, ಗಾಳಿಯ ಪಾಳಿ ಕಾಯುತ್ತ ಕೂತಿರುವ,

ತಮ್ಮ ವಿಶ್ವಾಸಿ,
ಅಕ್ಕುತಾಯಿ
(ಮತ್ತು ಮೂಗಿಗೆ ಬಟ್ಟೆ ಕಟ್ಟಿದ ನಲವತ್ತೈದು ಜನ)

ತಾಜಾಕಲಂ: ಪತ್ರವನ್ನು ಲಕೋಟೆಗೆ ಹಾಕುವ ಮುಂಚೆ ಒಂದು ಸಂಗತಿ ನಡೆದಿರುವುದರಿಂದ ಅದನ್ನೂ ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ನಿನ್ನೆ ಪದ್ಮವ್ವನ ಪಾಳಿ ಇತ್ತು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಕೆಮ್ಮು ಬಂತು. ತಾವು ಮೂರು ಕಡೆ ಬಳಸಿದ್ದೀರಲ್ಲ, ಅದೇ ಕೆಮ್ಮು. ಈ ಸಲ ಅದು ನಿಲ್ಲಲೇ ಇಲ್ಲ. ಅವಳ ಮೈ ಹಿಂದಕ್ಕೆ ಜೋಲಿ ಹೊಡೆದು, ಮೊಣಕೈ ಆ ಗೋಡೆಗೆ ತಾಗಿತು, ತಾಗಿದ್ದು ಒಳಗೇ ಹೋಯಿತು. ಜರಡಿಗಳೆಲ್ಲ ನಿಂತವು. ಮೊಣಕೈ ಹೊರಗೆಳೆದರೆ ಅದರ ತುಂಬ ಬಿಳೀ ಬಿಳೀ ಕಾಳು. “ಏನಬೇ ಇದು, ಗೋಡಿ ಒಳಗ ಸಾಬೂದಾಣಿ ತುಂಬ್ಯಾರೇನ?” ಎಂದಳು ಪದ್ಮವ್ವ. ಕೋಮಲಳನ್ನು ಕರೆಸಿ ಕೇಳಿದೆವು, ಅದಕ್ಕೆ ಥರ್ಮಾಕೋಲು ಎನ್ನುತ್ತಾರಂತೆ, ಟಿವಿ ಡಬ್ಬಿಯೊಳಗೆ ಬರುತ್ತದಂತೆ. ಪುರಾತನವೂ ಭದ್ರವೂ ಆದ, ಕಟ್ಟಡದ ಭಾರ ಹೊತ್ತ, ಒಂಬತ್ತು ಅರ್ಜಿಗೆ ಜಗ್ಗದ ಗೋಡೆ. ತಮ್ಮ ಸಾಹೇಬ ಯಾಕೆ ರೊಟ್ಟಿ ತಟ್ಟಿದಂತೆ ಗುದ್ದುತ್ತಿದ್ದನೆಂದು ಗಂಗೂಬಾಯಿಗೆ ಆಗ ತಿಳಿಯಿತು. ದಿವಾಣಜಿ ಓಡಿಬಂದು, “ಗೋಡಿ ಒಡದ್ರೇನಬೇ?” ಎಂದು ಕೂಗಿದರೆ ಪದ್ಮವ್ವ, “ಇಲ್ರಿ, ಮುಟ್ಟಿ ನೋಡಿದ್ನಿರಿ” ಎಂದಳು.

ಮುಟ್ಟಬೇಡಿ ಎಂದದ್ದನ್ನು ಮುಟ್ಟಿ ನೋಡುವುದು ನಮ್ಮ ಚಳವಳಿಯ ಮೊದಲ ಪಾಠ. ಅದನ್ನು ಮರೆತು ಏಳು ತಿಂಗಳು ಅರ್ಜಿ ಬರೆದವಳು ನಾನು, ಈ ತಪ್ಪಿನಲ್ಲಿ ತಮಗೆ ಪಾಲಿಲ್ಲ. ಈಗ ಆ ತೂತು ಅಗಲವಾಗಿದೆ. ಕಂಬಿಗಳು ಹಾಗೇ ಇವೆ, ಬೇವೂ ಇದೆ, ನೀಲಮ ಕಂಬಿಗೆ ಹಣೆ ಆನಿಸಿಕೊಂಡು ಕೂತಿದ್ದಾಳೆ. ಬಿಸಿಲು ಇಂದು ಮೂರನೇ ಸಾಲಿಗೆ ಬಂತು, ಬುತ್ತಿ ಬಿಚ್ಚಿದೆವು. ತಮ್ಮ ಬೋರ್ಡನ್ನು ಮಡಿಸಿ ಈ ಪತ್ರದ ಜೊತೆ ಲಗತ್ತಿಸಿದ್ದೇನೆ, ಕಬ್ಬಿನ ಲಾರಿಗೆ ಬೇಕಾಗಬಹುದು.

ಹಲಗೆ ಬಡಿದ ಇನ್ನೂ ಮೂರು ಕಿಟಕಿಗಳು ನಮ್ಮ ವಖಾರದಲ್ಲಿವೆ. ಅವನ್ನು ಯಾವ ಸಿನಿಮಾದವರೂ ಮುಚ್ಚಿದ್ದಲ್ಲ, ಅಲ್ಲಿಯ ಹಲಗೆ ಖರೇ, ಮೊಳೆಯೂ ಖರೇ. ನಾಳೆ ಬೆಳಿಗ್ಗೆ ಅವನ್ನೂ ಮುಟ್ಟಿ ನೋಡುವವರಿದ್ದೇವೆ. ಪದ್ಮವ್ವ ದೇವರ ಜಗುಲಿಯ ಮೇಲಿದ್ದ ಚಿಮ್ಮಟವನ್ನು ಒರೆಸಿ ಬುತ್ತಿಗಂಟಿನಲ್ಲಿ ಇಟ್ಟುಕೊಂಡಿದ್ದಾಳೆ. ತಾವು ಶೂಟಿಂಗಿಗೆ ಬರುವುದಾದರೆ ಏಳು ಗಂಟೆಗೆ ಬರಬೇಕು. ಎರಡನೇ ಸಲ ಮಾಡಿ ತೋರಿಸುವುದಿಲ್ಲ.